ಗೌರಿಯ ಜೊತೆ ಬಿಟ್ಟ ಗಿಡ

ಮಂಡಿನೋವೆಂದು ಶಿವಗಂಗಮ್ಮ ಒಂದು ವರ್ಷದಿಂದ ಕೆರೆಯ ಕಡೆ ತಲೆ ಹಾಕಿರಲಿಲ್ಲ. ಗೌರಿಯನ್ನು ನೀರಿಗೆ ಬಿಡುವ ದಿನ ಮಾತ್ರ ಹಟ ಹಿಡಿದು ಸೊಸೆಯ ಜೊತೆ ಹೊರಟಳು. ಸೊಸೆ ಪ್ರೇಮಕುಮಾರಿಯ ತಟ್ಟೆಯಲ್ಲಿ ಮಣ್ಣಿನ ಗೌರಿ, ಪಕ್ಕದಲ್ಲಿ ಪೂಜೆಗಿಟ್ಟ ತಿಳಿನೇರಳೆ ಹೂವಿನ ಗಿಡ. ಈ ಗಿಡವನ್ನು ಹೋದ ವರ್ಷ ಹಾಸನದಿಂದ ತಂದು ಮನೆಯ ತೊಟ್ಟಿಯಲ್ಲಿ ತೇಲಿಬಿಟ್ಟಿದ್ದರು. ಅದರದೊಂದು ಮರಿಯನ್ನು ಆಗಲೂ ಪೂಜೆಗಿಟ್ಟಿದ್ದರು. ಪೂಜೆ ಮಾಡಿದ್ದನ್ನು ತಿಪ್ಪೆಗೆ ಎಸೆಯುವುದುಂಟೇ ಎಂದು ಗೌರಿಯ ಜೊತೆಗೇ ಕೆರೆಗೆ ಬಿಡಿಸಿದವಳು ಶಿವಗಂಗಮ್ಮನೇ.

ಏರಿ ಹತ್ತಿದವಳು ಹಾಗೇ ನಿಂತುಬಿಟ್ಟಳು. ಕೆರೆಯೇ ಇರಲಿಲ್ಲ. ಈ ದಡದಿಂದ ಆ ದಡದವರೆಗೆ ದಟ್ಟ ಹಸಿರು.

“ನೀರೆಲ್ಲೋಯ್ತು ಪ್ರೇಮಾ?”

“ಅಡೀಲೈತೆ ಕಣತ್ತೆ. ಯಾವ್ದೋ ಕಳೆ ಮುಚ್ಕಂಡೈತೆ ಅಂತಿದ್ರು ನಿಮ್ಮಗ.”

ಅಷ್ಟರಲ್ಲಿ ಮಗ ಕಾಂತರಾಜು ಹಿಂದಿನಿಂದ ಹೊಡೆದುಕೊಂಡು ಬರುತ್ತಿದ್ದ ಕಡಸು, ಹುಲ್ಲುಗಾವಲು ಕಂಡಂತೆ ಏರಿ ಇಳಿದು ಹಸಿರಿನ ಮೇಲೆ ಕಾಲಿಟ್ಟಿತು. ಮರುಗಳಿಗೆಯಲ್ಲಿ ಕಡಸು ಇಲ್ಲ. ಎಲೆಗಳ ನಡುವೆ ಮೂತಿಯೊಂದು ಉಸಿರಿಗಾಗಿ ಒದ್ದಾಡುತ್ತಿತ್ತು.

ಕಾಂತರಾಜು ದಡದಲ್ಲಿ ಮಕಾಡೆ ಬಿದ್ದು ಕೊರಳಹಗ್ಗ ಹಿಡಿದ. ಪ್ರೇಮಕುಮಾರಿ ತಟ್ಟೆ ಇಟ್ಟು ಅವನ ಹಿಂದೆ ನಿಂತು ಹಗ್ಗ ಎಳೆದಳು. ಕಡಸು ಮೇಲೆ ಬಂದು ನಡುಗುತ್ತ ನಿಂತಾಗ ಕೊರಳ ತುಂಬ ಆ ಕಳೆಯೇ ಸುತ್ತಿಕೊಂಡಿತ್ತು.

“ಯಾವ ಪುಣ್ಯಾತ್ಮ ತಂದ್ಬುಟ್ನೋ ಅಂತ ಮೀನಿಡಿಯೋ ಬೋರಪ್ಪ ದಿನಾ ಬಯ್ತಾನೆ ಕಣವ್ವ,” ಎಂದ ಕಾಂತರಾಜು ಏದುಸಿರು ಬಿಡುತ್ತ.

ಶಿವಗಂಗಮ್ಮ ಕಡಸಿನ ಕೊರಳಿನಿಂದ ಒಂದು ಗಿಡ ಬಿಡಿಸಿದಳು. ಗಾಳಿ ತುಂಬಿದಂತೆ ಉಬ್ಬಿದ ತೊಟ್ಟು, ಕೂದಲಿನಂಥ ಕಪ್ಪು ಬೇರು, ಹೂವಿನಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಚುಕ್ಕೆ. ಅದನ್ನು ತಟ್ಟೆಯ ಗಿಡದ ಪಕ್ಕದಲ್ಲಿಟ್ಟಳು.

“ಬಯ್ಯೋದು ನಮ್ಮನ್ನೇ ಕಣ್ಲಾ.”

“ಬುಡವ್ವ, ನಮ್ಮಟ್ಟಿ ತೊಟ್ಟೀಲಿರೋದು ಶೋಕಿ ಗಿಡ,” ಎಂದವನು ತಟ್ಟೆಯತ್ತ ಬಗ್ಗಿ ನೋಡಿದ. ಎರಡೂ ಒಂದೇ ಗಿಡ.

ಕಾಂತರಾಜು ಕೋಲಿನಿಂದ ಕಳೆ ಸರಿಸಿ ತಟ್ಟೆಯಗಲ ನೀರು ಮಾಡಿಕೊಟ್ಟ. ಗೌರಿ ಮುಳುಗಿದಳು. ಸೊಸೆ ಅಭ್ಯಾಸಬಲದಿಂದ ಗಿಡಕ್ಕೂ ಕೈ ಹಾಕಿದಳು. ಶಿವಗಂಗಮ್ಮ ಆ ಕೈ ಹಿಡಿದಳು.

“ತೊಟ್ಟೀಲಿರೋದ್ನೂ ತಗಂಬಾ. ಒಂದು ಮರೀನೂ ನೀರಿಗ್ ಬೀಳ್ಬಾರ್ದು.”

ಗಿಡಕ್ಕೆ ಒಮ್ಮೆ ಕೈ ಮುಗಿದಳು. ಕಾದ ಬಂಡೆಯ ಮೇಲೆ ಬೇರು ಮೇಲಾಗಿ ಮಗುಚಿಟ್ಟು ಪಕ್ಕದಲ್ಲೇ ಕೂತಳು. ಎಲೆ ಸುರುಟಿಕೊಳ್ಳುವವರೆಗೂ ಮೇಲೇಳಲಿಲ್ಲ.