ರೀಡ್ ಅನ್ನಲೋ, ರೆಡ್ ಅನ್ನಲೋ

೧
ಎಲ್ಲಿಂದ ಶುರು ಮಾಡಲಿ? ಇಂಗ್ಲಿಷ್ ಮೇಷ್ಟ್ರ ಹೆಂಡತಿ ತೀರಿಕೊಂಡಲ್ಲಿಂದ ಅಂದರೆ ನೀವು ಈಗಲೇ ಕಣ್ಣೊರೆಸಿಕೊಳ್ಳುತ್ತೀರಿ. ಬೇಡ. ಹಿತ್ತಾಳೆ ಫಲಕದಿಂದ ಶುರು ಮಾಡೋಣ.

ಗ್ರಂಥಾಲಯದ ಕಿಟಕಿ ಪಕ್ಕದ ಬೆಂಚಿನಲ್ಲಿ ಗಂಡಹೆಂಡತಿ ದಿನಾ ಬೆಳಿಗ್ಗೆ ಕೂತು ಓದುತ್ತಿದ್ದರು. ಅವಳ ನೆನಪಿಗೆ ಆ ಬೆಂಚಿಗೊಂದು ಫಲಕ. ಉಳಿದ ಬೆಂಚುಗಳಂತೆ ಇಂಗ್ಲಿಷಿನಲ್ಲಿ, ಒಂದೇ ಸಾಲು. ಅಂಗಡಿಯಲ್ಲಿ ಅಕ್ಷರ ಕೆತ್ತುವವನು ಉಳಿ ಹಿಡಿದು ಕಾಯುತ್ತಿದ್ದ.

೨
ಮೇಷ್ಟ್ರು ಬಿಕ್ಕಿ ಬಿಕ್ಕಿ ಅತ್ತರು.

("ನಾನೆಲ್ರೀ ಅತ್ತೆ?" ಎಂದು ಮೇಷ್ಟ್ರು ಈ ಕತೆ ಬರೆಯುತ್ತಿದ್ದ ನನ್ನ ಪೆನ್ನು ಹಿಡಿದರು. "ಹೊಡೆದುಹಾಕಿ ಅದನ್ನ!" ಹೊಡೆದುಹಾಕಿದೆ. ಅತ್ತೆ ಇಲ್ಲಿ ಕ್ರಿಯಾಪದ, ಗಂಡನ ತಾಯಿಯಲ್ಲ.)

೩
ಫಲಕಕ್ಕೆಂದು ಮೇಷ್ಟ್ರು ಬರೆದ ಚೀಟಿಯನ್ನು ಮಗಳು ನೋಡಿದಳು: She reads here every morning.

"ಅಪ್ಪಾ, ರೀಡ್ಸ್ ಅಂತೀಯಲ್ಲ! ಅಮ್ಮ ಹೋಗಿ ಆರು ತಿಂಗಳಾಯ್ತು. ಭೂತಕಾಲ ಹಾಕು."

"ನಿನಗೆ ಕಾಲ ಕಲಿಸಿದವನೇ ನಾನು ಕಣೇ. ನಿಮ್ಮಮ್ಮನ್ನ ಭೂತ ಮಾಡೋಕೆ ನನ್ನ ಕೈಲಾಗಲ್ಲ. ಆ ಕೊನೇ ಎಸ್ ತೆಗೆದರೆ ಅವಳನ್ನ ಇನ್ನೊಂದು ಸಲ ಕಳಿಸಿದ ಹಾಗೆ."

"ಬೇಗ ಹೇಳಿ ಸಾರ್," ಎಂದ ಕೆತ್ತುವವನು. "ಹಿತ್ತಾಳೆಗೆ ರಬ್ಬರ್ ಇಲ್ಲ."

ತಟ್ಟನೆ ಮೇಷ್ಟ್ರ ಕಣ್ಣರಳಿತು. She ಹೊಡೆದು We ಬರೆದರು. ಎಸ್ ತಾನಾಗಿಯೇ ಉದುರಿತು!

"ಈಗ ಹೇಳು, ಯಾವ ಕಾಲ?"

ಮಗಳು ಚೀಟಿಯನ್ನು ಎರಡೆರಡು ಸಲ ಓದಿಕೊಂಡಳು. ರೀಡ್ ಅಂದರೆ ಇಬ್ಬರೂ ಈಗಲೂ ಓದುತ್ತಾರೆ. ರೆಡ್ ಅಂದರೆ ಓದಿದ್ದು ಮುಗಿಯಿತು. ಎರಡಕ್ಕೂ ಅದೇ ನಾಲ್ಕು ಅಕ್ಷರ.

"ಅಯ್ಯೋ, ಕಳ್ಳ ಅಪ್ಪಾ!"

"ಮೂವತ್ತು ವರ್ಷ ಮಕ್ಕಳು ರೀಡೆಡ್ ಅಂತ ಬರೆದಾಗಲೆಲ್ಲ ಕೆಂಪು ಗೆರೆ ಎಳೆದೆ. ದೇವರು ಈ ಕ್ರಿಯಾಪದವನ್ನ ಯಾಕೆ ಸೊಟ್ಟಗಿಟ್ಟ ಅಂತ ಇವತ್ತು ಗೊತ್ತಾಯ್ತು ನೋಡು!" ಮೇಷ್ಟ್ರು ಕುಣಿಯುವುದೊಂದು ಬಾಕಿ.

೪
ಕೆತ್ತುವ ಮುಂಚೆ ಗಿರಾಕಿ ಸಾಲನ್ನು ಜೋರಾಗಿ ಓದಿ ಒಪ್ಪಬೇಕು. ಅದು ಆ ಅಂಗಡಿಯ ಪದ್ಧತಿ.

"ಓದಿ ಸಾರ್."

ಮೇಷ್ಟ್ರು ಬಾಯಿಗೆ ಕೈ ಅಡ್ಡ ಹಿಡಿದರು. "ಅಕ್ಷರ ಹೇಳ್ತೀನಪ್ಪ, ಪದ ಕೇಳಬೇಡ. ಆರ್... ಈ... ಎ... ಡಿ."

೫
ಒಂದು ಅಂತ್ಯ: ಬೆಂಚಿನ ಮುಂದೆ ರೆಡ್ ಎಂದು ಕೈಮುಗಿದು ಮೇಷ್ಟ್ರು ಮನೆಗೆ ನಡೆದರು.

ಇನ್ನೊಂದು: ರೀಡ್ ಎಂದು, ಪಕ್ಕದಲ್ಲಿ ಜಾಗ ಬಿಟ್ಟು ಕೂತು, ಪುಸ್ತಕ ತೆರೆದರು.

("ಎರಡೂ ಬೇಡ," ಎಂದರು ಮೇಷ್ಟ್ರು.)

ಅವರ ಮಾತು ನಿಜ. ಕನ್ನಡದಲ್ಲಿ ಬರೆದಂತೆಯೇ ಓದಬೇಕು; ರೀಡ್ ಬರೆದರೆ ರೀಡೇ, ರೆಡ್ ಬರೆದರೆ ರೆಡ್ಡೇ. ನಮ್ಮ ಲಿಪಿಯ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಹಾಗಾಗಿ ಫಲಕದಲ್ಲಿ ಇದ್ದಂತೆಯೇ ಇಳಿಸಿಬಿಡುತ್ತೇನೆ. ಸ್ವಲ್ಪ ನಿಧಾನ, ಓದುಗರೇ. ಮೇಷ್ಟ್ರು ನಿಮ್ಮ ತುಟಿಯನ್ನೇ ನೋಡುತ್ತಿದ್ದಾರೆ.

We read here every morning