ಏಳನೆಯವನು

ಮಸೀದಿಯ ಗೇಟು ದಾಟುವಾಗ ದೂಮಪ್ಪ ಜನರ ನಡುವೆ ನುಗ್ಗಿ ಅಲಿಯಬ್ಬನ ಶವ ಹೊತ್ತ ಮಯ್ಯತ್ತಿನ ಮಂಚಕ್ಕೆ ಹೆಗಲು ಕೊಟ್ಟರು.

“ಬೇರೆಯವರಿಗೆ ಕೊಡಿ ದೂಮಪ್ಪಣ್ಣ, ನಿಮಗೆ ಭುಜನೋವು ಉಂಟಲ್ವಾ?” ಎಂದ ಅಲಿಯಬ್ಬನ ಮಗ ಶಾಹುಲ್ ಹಮೀದ್.

“ಇರಲಿ. ಕಬರಸ್ತಾನದವರೆಗೆ ನಾನೇ.”

ಕಾಪು ಕಡೆಯ, ಮೀನುದೋಣಿಗಳು ನಿಲ್ಲುವ ಒಂದು ಚಿಕ್ಕ ದಕ್ಕೆಯಲ್ಲಿ ಅಲಿಯಬ್ಬ ಹನ್ನೆರಡು ವರ್ಷ ಕಾವಲಿಗಿದ್ದ. ಹೊರಡುವ ಪ್ರತಿ ದೋಣಿಯ ನಂಬರು, ಲೈಫ್ ಜಾಕೆಟ್, ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಮುಂಬೈಗೆ ಕಡಲ ದಾರಿಯಲ್ಲಿ ಬಂದೂಕು ಹಿಡಿದವರು ಬಂದ ಮೇಲೆ ಬಿಗಿಯಾದ ನಿಯಮ. ಮೀನುಗಾರರಿಗೆ ಅದು ತಲೆನೋವು. ಎಲ್ಲರಿಗಿಂತ ಹೆಚ್ಚು ಜಗಳವಾಡಿದವರು ದೂಮಪ್ಪನೇ.

*

ಮೂರು ವರ್ಷದ ಹಿಂದೆ, ಒಂದು ಬೆಳಿಗ್ಗೆ, ದೂಮಪ್ಪನ ದೋಣಿಗೆ ಹೆಬ್ರಿಯ ಪ್ರತೀಕ್ ಹೊಸದಾಗಿ ಕೆಲಸಕ್ಕೆ ಬಂದಿದ್ದ. ಚೀಟಿ ಊರಲ್ಲೇ ಬಿಟ್ಟಿದ್ದ. ಅಲಿಯಬ್ಬ ದೋಣಿ ತಡೆದ.

“ಇವನನ್ನು ನೋಡಿದರೆ ಭಯೋತ್ಪಾದಕನ ಹಾಗೆ ಕಾಣ್ತದಾ ಮಾರಾಯ?” ಎಂದು ದೂಮಪ್ಪ ರೇಗಿದರು.

“ಹೆಸರಿಲ್ಲದೆ ಯಾರನ್ನೂ ಕಡಲಿಗೆ ಕಳಿಸುವುದಿಲ್ಲ ದೂಮಪ್ಪಣ್ಣ. ನಾಳೆ ಏನಾದರೂ ಆದರೆ ಯಾರನ್ನು ಹುಡುಕುವುದು?”

ಹೆಬ್ರಿಯಿಂದ ಅವನ ಅಕ್ಕ ಚೀಟಿಯ ಫೋಟೊ ಕಳಿಸುವಷ್ಟರಲ್ಲಿ ಒಂದು ಗಂಟೆ ಹೋಯಿತು. ಅಲಿಯಬ್ಬ ಏಳನೆಯವನಾಗಿ ಪ್ರತೀಕನ ಹೆಸರು ಬರೆದ. ದೂಮಪ್ಪ ಬೈಯುತ್ತಲೇ ಹೊರಟರು.

ಮಧ್ಯಾಹ್ನ ಅಲೆ ಹೊಡೆದು ದೋಣಿ ಮಗುಚಿತು. ಹತ್ತಿರದ ಎರಡು ಬೋಟಿನವರು ಸಿಕ್ಕಿದವರನ್ನು ಎತ್ತಿಕೊಂಡರು. ಒಂದು ಬೋಟು ಮಲ್ಪೆಗೆ ಹೋಯಿತು, ಇನ್ನೊಂದು ದಕ್ಕೆಗೆ. ತಲೆಗೆ ಪೆಟ್ಟು ಬಿದ್ದಿದ್ದ ದೂಮಪ್ಪ, ಉಳಿದವರೆಲ್ಲ ಮಲ್ಪೆಯಲ್ಲಿದ್ದಾರೆ ಎಂದುಬಿಟ್ಟರು. ಕರಾವಳಿ ಕಾವಲು ಪಡೆಯ ಬೋಟು ಹುಡುಕಾಟ ನಿಲ್ಲಿಸಿತು.

ಅಲಿಯಬ್ಬ ಮಾತ್ರ ಪುಸ್ತಕ ಹಿಡಿದು ಮಲ್ಪೆಗೆ ಫೋನು ಹಚ್ಚಿದ. ಅಲ್ಲಿ ಮೂವರು. ಇಲ್ಲಿ ದೂಮಪ್ಪ ಸೇರಿ ಮೂವರು. ಪ್ರತೀಕ್ ಎಲ್ಲೂ ಇಲ್ಲ. ಕಾವಲು ಪಡೆಯ ಬೋಟು ಮತ್ತೆ ಹೊರಡುವವರೆಗೂ ಅವನು ಫೋನು ಕೆಳಗಿಡಲಿಲ್ಲ. ಸಂಜೆ ಹೊತ್ತಿಗೆ ಖಾಲಿ ಕ್ಯಾನನ್ನು ಅಪ್ಪಿಕೊಂಡು ತೇಲುತ್ತಿದ್ದ ಪ್ರತೀಕ್ ಸಿಕ್ಕಿದ.

*

ಕಬರಸ್ತಾನದಲ್ಲಿ ದೂಮಪ್ಪ ಶಾಹುಲನನ್ನು ಬದಿಗೆ ಕರೆದರು. ಮೂರು ವರ್ಷದಿಂದ ಹೇಳದೆ ಉಳಿಸಿಕೊಂಡಿದ್ದ ಮಾತು.

“ಅವತ್ತು ಎಲ್ಲರೂ ಬಂದರು ಅಂತ ಹೇಳಿದವನು ನಾನು. ಅದನ್ನು ನಂಬಿದ್ದರೆ ಆ ಹುಡುಗ ಇರುತ್ತಿರಲಿಲ್ಲ. ನಿನ್ನ ಅಪ್ಪನಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.”

ಶಾಹುಲ್ ದೂಮಪ್ಪನ ಮುಖವನ್ನೇ ನೋಡಿದ. “ಅಪ್ಪ ಮನೆಯಲ್ಲಿ ಹಾಗೆ ಹೇಳಲೇ ಇಲ್ಲ. ತಲೆ ಒಡೆದು ರಕ್ತ ಸುರಿಯುತ್ತಿದ್ದರೂ ಒಬ್ಬ ಕಡಿಮೆ ಅಂತ ಹೇಳಿದ್ದು ದೂಮಪ್ಪಣ್ಣ ಅಂತಲೇ ಹೇಳಿದ್ದರು. ನಾವೆಲ್ಲ ಹಾಗೇ ತಿಳಿದದ್ದು.”

ದೂಮಪ್ಪ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡು ಬಾಗಿ ಮೂರು ಹಿಡಿ ಮಣ್ಣು ಹಾಕಿದರು.

ಅವರ ಹಿಂದೆ ಹೆಬ್ರಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಪ್ರತೀಕ್ ನಿಂತಿದ್ದ, ಎರಡು ವರ್ಷದ ಮಗಳನ್ನು ಎತ್ತಿಕೊಂಡು. ತನ್ನ ಪಾಲಿನ ಮಣ್ಣು ಹಾಕಿ, ಅವಳ ಅಂಗೈಗೂ ಒಂದಿಷ್ಟು ಸುರಿದ. ಮಗು ಅದನ್ನು ಬಿಗಿಯಾಗಿ ಮುಚ್ಚಿ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಒಂದೊಂದೇ ಬೆರಳು ಬಿಚ್ಚಿಕೊಂಡು ಕೆಂಪು ಮಣ್ಣು ಮೆಲ್ಲಗೆ ಉದುರಿತು.