ಶೇವಂತಕ್ಕ ಆರಿಸಿದ ಎಣ್ಣೆ

ಶೇವಂತಕ್ಕ ಯಾರ ಮನೆಗೆ ಬಂದರೂ ಚಪ್ಪಲಿ ಬಿಡುವುದಿಲ್ಲ, ಬೂಟು ಬಿಚ್ಚುತ್ತಾಳೆ. ಹೊರಗಿನ ಕಟ್ಟೆಯ ಮೇಲೆ ಕೂತು, ಸೀರೆಯ ನೆರಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಮೀನಖಂಡದವರೆಗೆ ಏರಿದ ಆ ಕರಿ ಬೂಟುಗಳ ಲಾಡಿಯನ್ನು ಒಂದೊಂದೇ ತೂತಿನಿಂದ ಬಿಡಿಸುತ್ತ ಹೋಗುವಾಗ, ಒಳಗಿನವರು ಎಷ್ಟೇ ಅವಸರದಲ್ಲಿರಲಿ, ಮಾತು ಅಲ್ಲಿಗೇ ನಿಲ್ಲಬೇಕು. ಜಗಳಕ್ಕೆಂದು ಕರೆಸಿದವರ ಅರ್ಧ ಸಿಟ್ಟು ಆ ಲಾಡಿಯ ಜೊತೆಗೇ ಸಡಿಲಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಬಿಚ್ಚಿದಳೆಂದರೆ ತನ್ನ ಮಾತು ಮುಗಿಯುವ ತನಕ ಏಳುವವಳಲ್ಲ. ಅದಕ್ಕೇ ನಮ್ಮೂರು ತೆಲಸಂಗದಲ್ಲಿ ಒಂದು ಮಾತು ಹುಟ್ಟಿಕೊಂಡಿದೆ: "ನರ್ಸಬಾಯಿ ಬೂಟ ಬಿಚ್ಚಿದ್ಲಂದ್ರ ಮೊದಲ ಚಾ ಇಡ್ರಿ."

ಊರಿನ ಸರಕಾರಿ ದವಾಖಾನೆಯಲ್ಲಿ ಅವಳು ನರ್ಸು. ಸುತ್ತಲಿನ ತೋಟದ ವಸತಿಗಳಲ್ಲಿ ಅವಳ ಸೂಜಿಗೆ ಅಳದ ಕೂಸಿಲ್ಲ. ಗಂಡ ರಾಜಾರಾಮ ಸಕ್ಕರೆ ಕಾರ್ಖಾನೆಯ ನೌಕರಿಯಲ್ಲಿದ್ದಾಗ ಬಿದ್ದು ಬಲಗಾಲು ಮುರಿದುಕೊಂಡ. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಅವನ ಮೋಟಾರ್ ಸೈಕಲ್ಲು ಹಿತ್ತಲಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತಿತು. ದೂರದ ಪ್ರವಾಸಕ್ಕೆಂದೇ ಮಾಡಿದ ಗಾಡಿ ಅದು: ಗಡಿಗೆಯಂಥ ಟ್ಯಾಂಕು, ಹಿಂದೆ ಎರಡೂ ಬದಿಗೆ ಪೆಟ್ಟಿಗೆ, ಕೂತರೆ ನೆಲ ತುಸು ದೂರ. ಕೋಣದ ಮೈಕಟ್ಟು ಕಂಡು ಊರವರು ಅದಕ್ಕೆ ಕ್ವಾಣ ಎಂದು ಹೆಸರಿಟ್ಟಿದ್ದರು. ಮಾರಿಬಿಡುವ ಮಾತು ಬಂದಾಗ ಶೇವಂತಕ್ಕ, "ಯಾಕ?" ಅಂದಳು. ಗಾಡಿ ಹೊಡೆಯುವುದನ್ನು ತಾನೇ ಕಲಿತಳು. ಗಂಡನ ಕಾರ್ಖಾನೆಯ ಖಾಕಿ ಕೋಟಿನ ತೋಳುಗಳನ್ನು ಎರಡು ಸಲ ಮಡಚಿ ತೊಟ್ಟು, ಸೀರೆಗೆ ಕಚ್ಚೆ ಹಾಕಿ, ಕ್ವಾಣವನ್ನು ಹೊಡೆದುಕೊಂಡು ಹೊರಟಾಗ ಮೊದಮೊದಲು ನಕ್ಕವರ ಮಕ್ಕಳಿಗೇ ಮುಂದೆ ಅವಳು ಲಸಿಕೆ ಹಾಕಲು ಬಂದಳು. ಈಗ ನಡೆಯುವಾಗಲೂ ಅವಳ ತೋಳುಗಳು ಮೈಯಿಂದ ಒಂದಿಷ್ಟು ದೂರವೇ ಇರುತ್ತವೆ, ಕಾಣದ ಹ್ಯಾಂಡಲ್ ಹಿಡಿದಂತೆ.

"ಯಾಕ?" ಅನ್ನುವುದು ಅವಳ ಬಾಯಿಯ ಚಾಳಿ. ದನಿ ಏರಿಸದೆ, ನಿಜವಾಗಿ ತಿಳಿಯಬೇಕೆಂದೇ ಕೇಳುತ್ತಾಳೆ. ಅದಕ್ಕೇ ಅದು ಚುಚ್ಚುತ್ತದೆ. ಒಂದು ಸಂಜೆ ನಮ್ಮ ಮನೆಗೆ ಬಂದವಳು ನಾನು ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕುವುದನ್ನು ನೋಡಿ, "ಇದ ಎಣ್ಣಿ ಯಾಕ ಹಾಕತಿ ತಂಗಿ?" ಅಂದಳು. "ನಮ್ಮ ಅವ್ವ ಇದನ್ನ ಹಾಕತಿದ್ಲು" ಎಂದೆ. ಅವಳು ತಲೆದೂಗಿ, "ದೇವರಿಗೆ ನಡೀತೈತಿ. ಅಂವಾ ಗುಡ್ಡ ಏರಬೇಕಾಗಿಲ್ಲ" ಅಂದಳು. ಆಗ ನಗು ಬಂತು. ಆ ಮಾತಿನ ಹಿಂದೆ ಎಂಥ ಗಾಯವಿದೆ ಎಂದು ತಿಳಿದದ್ದು ಆಮೇಲೆ.

ಪ್ರತಿ ವರ್ಷ ಅಶೋಕ ವಿಜಯದಶಮಿಗೆ ಅವರ ಮನೆತನ ಬಾಬಾಸಾಹೇಬರು ಬೌದ್ಧಧರ್ಮ ಸ್ವೀಕರಿಸಿದ ನಾಗಪುರದ ದೀಕ್ಷಾಭೂಮಿಗೆ ಹೋಗುತ್ತದೆ. ಉಳಿದವರಿಗೆ ರೈಲು, ಟೆಂಪೋ, ಕಾರು. ಶೇವಂತಕ್ಕ ಮಾತ್ರ ಗಂಡನನ್ನು ಹಿಂದೆ ಕೂಡಿಸಿಕೊಂಡು ಕ್ವಾಣದ ಮೇಲೆ ಹೊರಡುತ್ತಾಳೆ. "ಬಾಬಾಸಾಹೇಬರು ನಮ್ಮನ್ನ ನಿಮ್ಮ ಕಾಲ ಮ್ಯಾಲ ನಿಂದರ್ರಿ ಅಂದ್ರು. ನಂದು ಕಾಲು ಇದ" ಎಂದು ಗಾಡಿಯ ಟ್ಯಾಂಕು ತಟ್ಟುತ್ತಾಳೆ. ಎರಡು ರಾಜ್ಯದ ಧೂಳು ಕುಡಿದು, ಬಿಸಿಲಲ್ಲಿ ಕಾಯ್ದು, ಇಬ್ಬರನ್ನೂ ಹಾಸಿಗೆ ಸುರುಳಿಯನ್ನೂ ಹೊತ್ತು ಅಷ್ಟು ದೂರ ಹೋಗುವ ಗಾಡಿಗೆ ಯಾವ ಎಣ್ಣೆ ಹಾಕಬೇಕು ಎಂಬುದು ಅವಳಿಗೆ ಸಣ್ಣ ವಿಷಯವಲ್ಲ.

ಆ ಮನೆತನದಲ್ಲಿ ಇನ್ನೊಂದು ರೂಢಿ. ರಾಜಾರಾಮನ ಅಣ್ಣನ ಮಗ ಉತ್ತಮ ಅಥಣಿಯಲ್ಲಿ ಬಾಡಿಗೆ ಕಾರುಗಳನ್ನು ಓಡಿಸುತ್ತಾನೆ. ದಸರೆಯ ಮುಂಚೆ ತನ್ನ ಕಾರುಗಳಿಗೆಲ್ಲ ಹೊಸ ಎಣ್ಣೆ ಹಾಕಿಸಿದ ಮೇಲೆ ಉಳಿದ ಡಬ್ಬಿ ಹಿಡಿದುಕೊಂಡು ಕಾಕಾ, ಅತ್ತೆ, ಭಾವ ಎಲ್ಲರ ಮನೆಗೆ ಹೋಗಿ, ಅವರ ಗಾಡಿಗಳಿಗೂ ತಾನೇ ನಿಂತು ಸುರಿಯುತ್ತಾನೆ. ಬೇಡವೆಂದರೆ ಊಟದ ಎಲೆ ಸರಿಸಿದಷ್ಟು ಅವಮಾನ. ಹೋದ ವರ್ಷ ಮೊದಲ ಸಲ ಚಿಕ್ಕಮ್ಮನ ಕ್ವಾಣಕ್ಕೂ ಸುರಿದ. "ಹೊರಗಿನ ಎಣ್ಣಿ ಯಾಕ ಕಾಕೂ? ಮನ್ಯಾಗಿನ ಎಣ್ಣಿ ಐತಿ. ಹೊಸಾ ಕಾರಿಗೆ ಹಾಕೂದು ಇದ. ಹೆಂಗ ಜಾರತೈತಿ ನೋಡು, ಬೆಣ್ಣಿ." ಪ್ರೀತಿಯಿಂದ ಕೊಟ್ಟದ್ದು. ಹುಟ್ಟಿದಾಗಿನಿಂದ ಎಲ್ಲದಕ್ಕೂ ಯಾಕ ಎಂದು ಕೇಳಿದವಳು ಅದೊಂದಕ್ಕೆ ಕೇಳಲಿಲ್ಲ.

ಸೊಲ್ಲಾಪುರದ ತನಕ ನೆಲ ಸಪಾಟು, ಏನೂ ತಿಳಿಯಲಿಲ್ಲ. ತುಳಜಾಪುರದ ಘಾಟು ಹತ್ತಿದಾಗ ಕ್ವಾಣ ಕಿರುಚತೊಡಗಿತು. ಆಕ್ಸಿಲರೇಟರ್ ತಿರುವಿದಷ್ಟೂ ಎಂಜಿನ್ನಿನ ಸದ್ದು ಏರುತ್ತದೆ, ಗಾಲಿ ಮಾತ್ರ ಎಳೆಯುವುದಿಲ್ಲ. ಹಿಂದೆ ಲಾರಿಗಳ ಹಾರ್ನು. ರಾಜಾರಾಮ ಇಳಿದು, ಆ ಸೊಟ್ಟ ಕಾಲಿನಲ್ಲಿ, ದಾರಿಯಂಚಿಗೆ ಕುಂಟುತ್ತ ಒಂದು ತಿರುವು ನಡೆದ. ಆಮೇಲೆ ಗಾಡಿ ಪೂರ್ತಿ ನಿಂತಿತು. ಕೊನೆಗೆ ಕ್ವಾಣವನ್ನು ಸಾಮಾನಿನ ಟೆಂಪೋದಲ್ಲಿ ಹೇರಿಕೊಂಡು ಇಬ್ಬರೂ ಮರಳಿದರು. ನಾಗಪುರ ಆ ವರ್ಷ ಆಗಲಿಲ್ಲ. ಹಗ್ಗ ಕಟ್ಟಿದ ಗಾಡಿ ಟೆಂಪೋದಿಂದ ಇಳಿಯುವುದನ್ನು ಓಣಿಗೆ ಓಣಿಯೇ ಬಾಗಿಲಲ್ಲಿ ನಿಂತು ನೋಡಿತು.

ಮರುದಿನ ಮನೆತನದವರು ಕೂಡಿದರು. ಯಾರೂ ಎಣ್ಣೆಯ ಮಾತೆತ್ತಲಿಲ್ಲ. "ಕಾಕೂ, ನಿನ್ನ ವಯಸ್ಸಿಗೆ ಇದು ಶೋಭಾ ಅಲ್ಲ" ಎಂದ ಉತ್ತಮ. "ಕಾಕಾನ ಕಾಲರೆ ನೋಡು. ಚಾವಿ ನನಗ ಕೊಡು. ಎಲ್ಲಿ ಬೇಕಲ್ಲಿ ಕಾರಿನ್ಯಾಗ ಕರಕೊಂಡ ಹೋಗತೀನಿ." ಹಿರಿಯರು ಹೌದು ಹೌದು ಎಂದರು. ಶೇವಂತಕ್ಕ ಲಾಡಿ ಬಿಗಿಯುತ್ತ ಕೇಳಿದಳು: "ಗಾಡಿ ಯಾಕ ಏರಲಿಲ್ಲ? ಅದನ್ನ ಯಾರರೆ ಹೇಳ್ರಿ." ಲಾಡಿಯ ಕೊನೆಯ ಗಂಟು ಹಾಕಿದಳು. "ಹಂಗಾರ ಮುಂದಿನ ವರ್ಷ ಅದ ಘಾಟ ಏರತೀನಿ. ಏರಲಿಲ್ಲಂದ್ರ ಚಾವಿ ನಿಂದು, ಉತ್ತಮ. ನಾ ಮಾತ ತಪ್ಪೂದಿಲ್ಲ." ಎದ್ದು ಹೋದಳು.

ಆ ಸಲ ಗಾಡಿಯಲ್ಲಿ ಹೊಸದಾಗಿ ಬದಲಾದದ್ದು ಎಣ್ಣೆಯೊಂದೇ; ಹಾಗಾಗಿ ಆ ವರ್ಷವಿಡೀ, ರಜೆ ಸಿಕ್ಕಾಗಲೆಲ್ಲ, ಅವಳು ಎಣ್ಣೆ ಹುಡುಕಿದಳು. ಅಥಣಿಯ ಅಂಗಡಿಯವನು ಅವಳ ಹಿಂದೆ ಬೇರೆ ಯಾರೋ ಬರುತ್ತಾರೇನೋ ಎಂದು ಬಾಗಿಲತ್ತ ನೋಡಿದ. "ಗಾಡಿ ಯಾರದ್ರಿ ಬಾಯಾರ? ಅವರನ್ನ ಕಳಸ್ರಿ, ಅವರಿಗೆ ಹೇಳತೀನಿ." ಶೇವಂತಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚತೊಡಗಿದಳು. ಎರಡನೆಯ ಬೂಟಿಗೆ ಬರುವಷ್ಟರಲ್ಲಿ ಅವನು ಇದ್ದಬದ್ದ ಡಬ್ಬಿಗಳನ್ನೆಲ್ಲ ಮುಂದಿಟ್ಟ. ಆದರೆ ಯಾಕ ಎಂದು ಕೇಳಿದ್ದಕ್ಕೆ "ಎಲ್ಲಾರೂ ಒಯ್ತಾರ" ಎಂದು ಡಬ್ಬಿಗಳ ಧೂಳು ಒರೆಸತೊಡಗಿದ. ನಿಪ್ಪಾಣಿಯವನು ಮರ್ಯಾದೆಯವನು, ಕುರ್ಚಿ ಕೊಟ್ಟು, ಎಲ್ಲಕ್ಕಿಂತ ತುಟ್ಟಿಯ ಡಬ್ಬಿ ತೆಗೆದು, ಅದರ ಮೇಲಿನ ಹಿಮದ ಗುಡ್ಡವನ್ನೂ ಅದನ್ನೇರುವ ಗಾಡಿಯನ್ನೂ ತೋರಿಸಿದ. "ಟೂರಿಂಗಿಗೇ ಮಾಡಿದ್ದ್ರಿ ಇದು." ಅವಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಹಿಂದಿಟ್ಟಳು. "ಚಿತ್ರದಾಗಿನ ಗಾಡಿ ಏರಾಕತ್ತೈತಿ, ಖರೆ. ನಂದು ಏರಬೇಕಲ್ಲ."

ಚಿಕ್ಕೋಡಿಯಲ್ಲಿ ಇಸಾಕನ ಗ್ಯಾರೇಜು. ಅವನೂ ಮೊದಲು ಊರ ಮಾತನ್ನೇ ಹೇಳಿದ: "ಹಳೇ ಎಂಜಿನ್ನಿಗೆ ದಪ್ಪ ಎಣ್ಣಿ ಹಾಕಬೇಕ್ರಿ ಅಕ್ಕಾರ."

"ಯಾಕ?"

ಇಸಾಕ ಕೈಯಲ್ಲಿದ್ದ ಅರಿವೆಯಿಂದ ಬೆರಳು ಒರೆಸಿಕೊಂಡ. "ಖರೆ ಹೇಳಲೇನ್ರಿ? ನನಗ ಗೊತ್ತಿಲ್ಲ. ನಮ್ಮ ಅಬ್ಬಾ ಹಾಕತಿದ್ರು, ನಾ ಹಾಕತೀನಿ."

"ಇಷ್ಟ ಊರ ತಿರುಗಿದೆ, ಗೊತ್ತಿಲ್ಲಂದಾಂವ ನೀ ಒಬ್ಬನ" ಎಂದು ಅವಳು ಅಲ್ಲೇ ಬೂಟು ಬಿಚ್ಚಿದಳು.

ಅಂದು ಇಬ್ಬರೂ ಕೂಡಿ ಕ್ವಾಣದ ಹೊಟ್ಟೆ ಬಿಚ್ಚಿದರು. ಕ್ಲಚ್ಚಿನ ಬಿಲ್ಲೆಗಳು ಕಮರಿ ಕಪ್ಪಾಗಿ, ಕನ್ನಡಿಯಂತೆ ನುಣ್ಣಗಾಗಿದ್ದವು. ಕಾರಿನಲ್ಲಿ ಎಂಜಿನ್ನಿನ ಎಣ್ಣೆ ಕ್ಲಚ್ಚನ್ನು ಮುಟ್ಟುವುದಿಲ್ಲ. ಇಂಥ ಗಾಡಿಯಲ್ಲಿ ಎಂಜಿನ್ನೂ ಗೇರೂ ಕ್ಲಚ್ಚಿನ ಬಿಲ್ಲೆಗಳೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಆ ಬಿಲ್ಲೆಗಳು ಒಂದನ್ನೊಂದು ಅಪ್ಪಿ ಹಿಡಿದರೇ ಗಾಲಿಗೆ ಬಲ. ಅತಿಯಾಗಿ ಜಾರುವ ಎಣ್ಣೆ ಬಿದ್ದರೆ ಹಿಡಿತ ತಪ್ಪುತ್ತದೆ, ಭಾರ ಬಿದ್ದ ಏರಿನಲ್ಲಂತೂ ಪೂರ್ತಿ. ಶೇವಂತಕ್ಕ ಆ ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿ, "ಕೈಗೆ ಎಣ್ಣಿ ಹಚಗೊಂಡು ಬಾವಿ ಹಗ್ಗ ಜಗ್ಗಿದಂಗ" ಅಂದಳಂತೆ.

ಹೊಸ ಬಿಲ್ಲೆ ಕೂತವು. ಎಣ್ಣೆಯ ಮೇಲೆ ಮಾತ್ರ ಇಬ್ಬರಿಗೂ ವಾದ ಹರಿಯಲಿಲ್ಲ. ಎಣ್ಣೆ ಹಾಕುವ ಬಾಯಿಯ ಮುಚ್ಚಳದ ಮೇಲೆ ಗಾಡಿ ಮಾಡಿದವರೇ ಎರಡು ಅಂಕಿ ಒತ್ತಿದ್ದರು; ಮೊದಲನೆಯದು ತಣ್ಣಗಿದ್ದಾಗ ಎಣ್ಣೆ ಹೇಗೆ ಹರಿಯಬೇಕೆಂಬುದಕ್ಕೆ, ಎರಡನೆಯದು ಕಾದಾಗ ಎಷ್ಟು ದಪ್ಪ ಉಳಿಯಬೇಕೆಂಬುದಕ್ಕೆ. ಎಷ್ಟು ಕೈ ತಿರುವಿದ ಮುಚ್ಚಳವೋ, ಓದಿದವರಿಲ್ಲ. ಶೇವಂತಕ್ಕ ಅದೇ ಅಂಕಿಯ ಎಣ್ಣೆ ಬೇಕೆಂದಳು, ಡಬ್ಬಿಯ ಬೆನ್ನ ಮೇಲೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿಗೆ ಒಗ್ಗುತ್ತದೆಂಬ ಗುರುತು ಇರಲೇಬೇಕೆಂದಳು. ಇಸಾಕನಿಗೆ ಅದು ತೆಳುವೆನಿಸಿತು. "ಇಬ್ಬರ ಭಾರ, ಅಂಥಾ ಬಿಸಲು. ನಿಂತರ ನನ್ನ ಹೆಸರ ಹೇಳಬ್ಯಾಡ್ರಿ ಅಕ್ಕಾರ."

"ನಿಂತರ ನನ್ನ ಹೆಸರ ಹೇಳತೀನಿ" ಅಂದಳು ಅವಳು. "ಅದಕ್ಕ ಆರಿಸಿದಾಕಿ ನಾ."

ಈ ವರ್ಷ ದಸರೆ ಹತ್ತಿರ ಬಂತು, ಉತ್ತಮನ ಡಬ್ಬಿಯೂ ಬಂತು. ಶೇವಂತಕ್ಕ ಅದನ್ನು ಎರಡೂ ಕೈಯಿಂದ ಇಸಿದುಕೊಂಡಳು, ಅವನಿಗೆ ಚಹಾ ಕೊಟ್ಟಳು. ಎರಡು ದಿನ ಬಿಟ್ಟು ಅವನು ಮತ್ತೆ ಬಂದಾಗ ಕೇಳಿದ, "ಹಾಕೀ ಏನ ಕಾಕೂ?"

"ಹಾಕೇನಿ. ಭಾಳ ಛಲೋ ಎಣ್ಣಿ. ನಮ್ಮ ಗೇಟ ಓಣಿ ಎಬ್ಬಸತಿತ್ತು, ಈಗ ಉಸಿರಿಲ್ಲ."

ಉತ್ತಮ ಗೇಟನ್ನು ಒಮ್ಮೆ ತೆರೆದು ಮುಚ್ಚಿ ನೋಡಿದನಂತೆ. "ನಾ ನಿಮ್ಮ ಹಿಂದ ಕಾರ ತರತೀನಿ" ಎಂದ. "ಡಿಕ್ಕಿಯೊಳಗ ಹಗ್ಗ ಇಟ್ಟಿರತೀನಿ. ಬೇಕಾಕ್ಕೈತಿ."

ಘಾಟಿನ ಕಥೆ ನನಗೆ ಹೇಳಿದವನು ರಾಜಾರಾಮ. ಅವನು ಸಾವಧಾನದ ಮನುಷ್ಯ. ಹಿಂದೆ ಕೂರುವುದನ್ನು ಒಂದು ಹುದ್ದೆಯೆಂಬಂತೆ ನಿಭಾಯಿಸುತ್ತಾನೆ. "ಹಿಂದ ಕುಂತಾಂವಗ ಎಣ್ಣಿ ಯಾವುದರೆ ಇರಲ್ರಿ, ಮುಂದ ಕುಂತಾಕಿ ಸಿಟ್ಟ ಎಷ್ಟೈತಿ ಅನ್ನೂದ ಮುಖ್ಯ" ಎಂದು ಶುರು ಮಾಡಿದ. ಉತ್ತಮನ ಕಾರು ವಿಜಯಪುರದಿಂದಲೇ ಬೆನ್ನು ಹತ್ತಿತ್ತು. ಕಾರಿನೊಳಗೆ ಹೋದ ವರ್ಷ ಪಂಚಾಯತಿ ಕೂಡಿದ ಹಿರಿಯರೇ ಇದ್ದರು. ಸೊಲ್ಲಾಪುರ ದಾಟಿದ ಮೇಲೆ ಏರು ಶುರುವಾಯಿತು. ಮುಂದೊಂದು ಕಬ್ಬಿಣ ಹೇರಿದ ಲಾರಿ ಏದುಸಿರು ಬಿಡುತ್ತಿತ್ತು. ಗೇರು ಇಳಿಸಿ ಅವಳು ಅದರ ಬೆನ್ನಿಗೇ ನಿಧಾನ ಏರಿದಳು. ಎಂಜಿನ್ನಿನ ಶಾಖ ರಾಜಾರಾಮನ ಕಾಲಿಗೂ ತಾಗುತ್ತಿತ್ತು. ಹೋದ ವರ್ಷ ಅವನು ಇಳಿದು ಕುಂಟುತ್ತ ನಡೆದ ತಿರುವು ಬಂತು. ಅವನ ಸೊಟ್ಟ ಕಾಲು ತಾನಾಗಿಯೇ ಫುಟ್‌ರೆಸ್ಟ್ ಬಿಟ್ಟಿತು. "ಇಳೀಲೇನ?" ಎಂದು ಕೇಳಿದ.

"ಯಾಕ?" ಅಂದಳಂತೆ ಶೇವಂತಕ್ಕ.

ಅಷ್ಟು ಹೇಳಿ ರಾಜಾರಾಮ ನನ್ನೆದುರು ಬಹಳ ಹೊತ್ತು ನಕ್ಕ. ಕಣ್ಣು ಒರೆಸಿಕೊಂಡ. "ಅಕಿ ಎಲ್ಲಾರಿಗೂ ಯಾಕ ಅಂತಾಳ್ರಿ. ನನಗ ಅಂದದ್ದು ಅವತ್ತ ತಂಪನಿಸ್ತು."

ಕ್ವಾಣ ಆ ತಿರುವನ್ನು ದಾಟಿತು. ಲಾರಿಯನ್ನೂ ದಾಟಿತು. ಆಕ್ಸಿಲರೇಟರ್ ತಿರುವಿದಷ್ಟು ಗಾಲಿ ಎಳೆಯಿತು. ಮೇಲೆ ತಲುಪಿದಾಗ ಶೇವಂತಕ್ಕ ಗಾಡಿಯನ್ನು ನೆರಳಿಗೆ ನಿಲ್ಲಿಸಿ, ಒಂದು ಕಲ್ಲಿನ ಮೇಲೆ ಕೂತು, ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬೆರಳು ನೀವಿಕೊಳ್ಳುತ್ತಿದ್ದಳು. ಲಾರಿಯ ಹಿಂದೆ ಸಿಕ್ಕಿದ್ದ ಉತ್ತಮನ ಕಾರು ಆಮೇಲೆ ಬಂತು. ಹಿರಿಯರು ಕೆಳಗಿಳಿದರು, ಒಬ್ಬರು ಆಕಾಶ ನೋಡಿದರು, ಒಬ್ಬರು ನೀರು ಕುಡಿದರು. ಉತ್ತಮ ಕ್ವಾಣದ ಸುತ್ತ ಒಂದು ಸುತ್ತು ಬಂದ. ಚಾವಿ ಗಾಡಿಯಲ್ಲೇ ಇತ್ತು. ಅವನು ಅದನ್ನು ನೋಡಿದ್ದನ್ನು ಎಲ್ಲರೂ ನೋಡಿದರು.

"ಹಗ್ಗ ತಂದೀ ಅಲ್ಲ, ಕೊಡು" ಅಂದಳು ಶೇವಂತಕ್ಕ.

ಅವನು ಡಿಕ್ಕಿ ತೆರೆದು ಹೊಸ ಹಗ್ಗ ಕೊಟ್ಟ. ಏರಿನಲ್ಲಿ ಹಾಸಿಗೆ ಸುರುಳಿ ಸಡಿಲಾಗಿ ಒಂದು ಕಡೆಗೆ ಜಗ್ಗಿತ್ತು. ಅವಳು ಆ ಹಗ್ಗದಿಂದ ಅದನ್ನು ಎರಡು ಸುತ್ತು ಬಿಗಿದು ಗಂಟು ಹಾಕಿದಳು. "ಗಟ್ಟಿ ಐತಿ. ಇದ ಕೆಲಸಕ್ಕ ಬಂತು ನೋಡು." ಬೂಟು ತೊಟ್ಟು, ಗಂಡ ಕೂತನೋ ಇಲ್ಲವೋ ಎಂದು ತಿರುಗಿ ನೋಡಿ, ಲಾತೂರಿನ ದಾರಿ ಹಿಡಿದಳು. ಹಗ್ಗ ನಾಗಪುರಕ್ಕೂ ಹೋಗಿ ಬಂತು. ಈಗ ಅವರ ಅಂಗಳದಲ್ಲಿ ಅದರ ಮೇಲೆ ಖಾಕಿ ಕೋಟು ಒಣಗುತ್ತದೆ, ಉತ್ತಮ ಬಂದಾಗಲೆಲ್ಲ ಅದಕ್ಕೆ ತಲೆಬಾಗಿಸಿಯೇ ಒಳಗೆ ಬರಬೇಕು.

ಇಂಥವರನ್ನು ಊರು ಹಠಮಾರಿಗಳೆನ್ನುತ್ತದೆ. ಕೊಟ್ಟದ್ದನ್ನು ಕೃತಜ್ಞತೆಯಿಂದ ಸುರಿದುಕೊಳ್ಳುವವರ ನಡುವೆ, ಕೊಡುವ ಕೈಯನ್ನು ತಡೆದು ಯಾಕ ಎಂದು ಕೇಳುವವರು ಕೃತಘ್ನರಂತೆಯೇ ಕಾಣುತ್ತಾರೆ. ಆದರೆ ಹೆಣ್ಣಿನ ಬದುಕಿಗೆ ಲೋಕ ಸುರಿಯುವ ಎಣ್ಣೆ ಬಹುಪಾಲು ಜಾರುವ ಎಣ್ಣೆಯೇ: ಕಷ್ಟ ಯಾಕೆ, ನಾವಿದ್ದೇವಲ್ಲ, ಹಿಂದೆ ಕೂತಿರು. ಸಪಾಟು ನೆಲದ ಮೇಲೆ ಅದು ಸುಖವಾಗಿಯೇ ಇರುತ್ತದೆ; ಏರು ಬಂದಾಗ ತಿಳಿಯುತ್ತದೆ, ನಮ್ಮ ಸದ್ದು ಏರುತ್ತಿದೆ, ಗಾಲಿ ಸರಿಯುತ್ತಿಲ್ಲ. ಎಲ್ಲಿ ನುಣುಪು ಬೇಕು, ಎಲ್ಲಿ ಹಿಡಿತ ಬೇಕು ಎಂಬುದನ್ನು ತಾವೇ ಆರಿಸಿ, ನಿಂತರೆ ನನ್ನ ಹೆಸರು ಹೇಳಿ ಎಂದು ಹೊರಡುವವರು ಯಾವ ಊರಲ್ಲೂ ಕಡಿಮೆ. ಅವರು ಬಂದಾಗ ಬಾಗಿಲಲ್ಲಿ ತುಸು ಹೊತ್ತು ಕಾಯಬೇಕಾಗುತ್ತದೆ, ಅಷ್ಟೆ. ಲಾಡಿ ಬಿಚ್ಚಲಿ. ನಾನು ಚಹಾಕ್ಕೆ ಇಡುತ್ತೇನೆ.